ಬಯಕಿ ಮಣ್ಣು

ಕೊರೊನಾ ಕಾಟ ಮುಗಿದು ಕಾಲೇಜುಗಳು ಮತ್ತೆ ಮೊದಲಿನ ಹಾಗೆ ನಡೆಯತೊಡಗಿದ್ದ ಕಾಲ ಅದು. ನಾನು ಭೂವಿಜ್ಞಾನದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಆ ವರ್ಷ ದಸರೆಯ ಹೊತ್ತಿಗೆ ಭಾಲ್ಕಿಯಿಂದ ಫೋನು ಬಂತು, ನನ್ನ ಅಕ್ಕ ಸುಜಾತಾಳಿಗೆ ಮೂರನೇ ತಿಂಗಳು ಎಂದು. ಲಗ್ನವಾಗಿ ಐದು ವರ್ಷಕ್ಕೆ ಬಂದ ಸುದ್ದಿ. ಬೀದರಿನ ನಮ್ಮ ಮನೆಯಲ್ಲಿ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಊರ ಹೊರಗಿನ ಕೊಳಾರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಅಪ್ಪ, ಬೂಟು ಬಿಚ್ಚುವುದನ್ನೂ ಮರೆತು ಹಾಗೇ ಒಳಗೆ ಬಂದು ಬುದ್ಧನ ಫೋಟೋದ ಮುಂದೆ ನಿಂತುಬಿಟ್ಟ. ಬೇರೆ ದಿನವಾಗಿದ್ದರೆ ಅವ್ವ ಬೈಯುತ್ತಿದ್ದಳು. ಅವತ್ತು ಬೈಯಲಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಬಾಯಿಬಡುಕಿ. ನಮ್ಮ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಶಾಲೆಯಲ್ಲಿ ಮಾತಾಡಿದ್ದಕ್ಕೇ ನಾನು ಅರ್ಧ ವರ್ಷ ಬೆಂಚಿನ ಮೇಲೆ ನಿಂತವಳು. "ಇಕಿ ಬಾಯಾಗ ಎಳ್ಳು ನೆನೆಯಂಗಿಲ್ಲ" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಅಂಥ ನಾನು ಜೀವನದಲ್ಲಿ ಒಂದೇ ಒಂದು ಸಲ, ಮಾತಾಡಬೇಕಾದ ಕಡೆ ಬಾಯಿ ಮುಚ್ಚಿಕೊಂಡು ಕೂತೆ. ಅದನ್ನೇ ಈಗ ಬರೆಯುತ್ತಿದ್ದೇನೆ.

ನಮ್ಮ ಸರ್ ನನಗೆ ಕೊಟ್ಟಿದ್ದ ಪ್ರಾಜೆಕ್ಟು ಮಣ್ಣಿನದು. ಬೀದರ ಜಿಲ್ಲೆಯ ನೆಲದಡಿ ಎಲ್ಲ ಕಡೆ ಕರಿಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಹರಿದು, ಆರಿ ಕಲ್ಲಾಯಿತು. ಮುಂದಿನ ಲಾವಾ ಬರುವ ತನಕ ನಡುವೆ ಎಷ್ಟೋ ಕಾಲ ಸುಮ್ಮನೆ ಹೋಯಿತು. ಆ ಹೊತ್ತಿನಲ್ಲಿ ಮಳೆ ಬಿತ್ತು, ತಗ್ಗುಗಳಲ್ಲಿ ನೀರು ನಿಂತಿತು, ಕೆಸರು ಕೂತಿತು, ಆ ಕೆಸರಲ್ಲಿ ಬಸವನಹುಳು ಹರಿದಾಡಿದವು. ಆಮೇಲೆ ಮತ್ತೆ ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ಎರಡು ರೊಟ್ಟಿಗಳ ನಡುವೆ ಹಚ್ಚಿದ ಶೇಂಗಾ ಹಿಂಡಿಯ ಹಾಗೆ ಆ ಕೆಸರು ಕಲ್ಲಿನ ಎರಡು ಹಾಸುಗಳ ನಡುವೆ ಉಳಿದುಬಿಟ್ಟಿದೆ. ಆ ಪದರದಲ್ಲಿ ಯಾವ ಯಾವ ಖನಿಜಗಳಿವೆ ಎಂದು ಹುಡುಕುವುದು ನನ್ನ ಕೆಲಸ.

ಔರಾದ ದಾಟಿ ಮುಂದೆ ಒಂದು ಹಳ್ಳಿಯ ಹತ್ತಿರ ರಸ್ತೆ ಅಗಲ ಮಾಡಲು ದಿಬ್ಬ ಕಡಿದಿದ್ದರು. ಕಡಿದ ಗೋಡೆಯಲ್ಲಿ ಆ ಪದರ ಚೆನ್ನಾಗಿ ಕಾಣುತ್ತಿತ್ತು. ಮೇಲೆ ಕರಿಕಲ್ಲು, ಕೆಳಗೆ ಕರಿಕಲ್ಲು, ನಡುವೆ ಸೊಂಟದೆತ್ತರದ ಮಣ್ಣು. ಮೇಲ್ಭಾಗ ಇಟ್ಟಿಗೆಯ ಕೆಂಪು, ಕೆಳಗೆ ಹೋದಂತೆ ಹಸಿರು ಛಾಯೆ. ಡಿಸೆಂಬರಿನ ಒಂದು ಮುಂಜಾನೆ ನಾನು ಬಸ್ಸಿಳಿದು ಸುತ್ತಿಗೆ, ಚೀಲ ಹಿಡಿದು ಅಲ್ಲಿಗೆ ಹೋದರೆ, ನನಗಿಂತ ಮೊದಲೇ ಒಬ್ಬ ವಯಸ್ಸಾದ ಹೆಂಗಸು ಕುಡುಗೋಲಿನಿಂದ ಅದೇ ಪದರವನ್ನು ಕೆರೆಯುತ್ತಿದ್ದಳು. ಕೆರೆದ ಹೆಂಟೆಗಳನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.

"ಏನ್ ಮಾಡ್ತೀರಿ ಆಯಿ, ಇದನ್ನ ಒಯ್ದು?" ಎಂದು ಕೇಳಿದೆ.

"ಬಯಕಿ ಮಣ್ಣು ಯವ್ವ ಇದು. ಸೊಸಿಗಿ ಬೇಕಾಗ್ಯಾದ. ನಾನೂ ಬಸರಿದ್ದಾಗ ಇದನ್ನೇ ತಿಂದೀನಿ," ಎಂದಳು. ಆಮೇಲೆ ನನ್ನ ಚೀಲ ನೋಡಿ, "ನೀ ಎದಕ್ಕ ಅಗೀಲಾಕತ್ತಿದಿ? ನಿನಗೂ ದಿನ ಹೋಗ್ಯಾವೇನು?" ಎಂದು ಕೇಳಿದಳು.

"ನನಗ ಲಗ್ನಾನೇ ಆಗಿಲ್ರಿ ಆಯಿ. ಪರೀಕ್ಷಾಕ್ಕ ಬೇಕು."

"ಮಣ್ಣಿನ ಪರೀಕ್ಷಾನೂ ಇರ್ತದ?" ಎಂದು ಅವಳು ನಕ್ಕಳು. ಹಸಿರು ಮಣ್ಣು ಬೇಡ, ಅದು ಒಗರು, ಮೇಲಿನ ಕೆಂಪು ತಗೋ, ಹಂಚಿನ ಮೇಲೆ ಬೆಚ್ಚಗೆ ಮಾಡಿದರೆ ಮೊದಲ ಮಳೆಯ ವಾಸನೆ ಬರ್ತದೆ ಎಂದು ಹೇಳಿಕೊಟ್ಟು ಹೋದಳು. ನಾನು ಕುತೂಹಲಕ್ಕೆ ಒಂದು ಚೂರು ನಾಲಿಗೆಗೆ ಇಟ್ಟುಕೊಂಡೆ. ನಾಲಿಗೆಗೆ ಗಟ್ಟಿಯಾಗಿ ಅಂಟಿಕೊಂಡಿತು. ಇಂಥ ಮಣ್ಣು ಹಾಗೆ ಅಂಟುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಖುಷಿಯಾಯಿತು. ಮೂರು ಚೀಲ ತುಂಬಿ, ಒಂದೊಂದಕ್ಕೂ ನಂಬರಿನ ಚೀಟಿ ಕಟ್ಟಿದೆ. ಕೆಂಪು ಮಣ್ಣಿನ ನಂಬರು ಏಳು.

ವಾಪಸ್ ಬರುವಾಗ ಬೀದರಿನ ಬಸ್ಸು ಬಿಟ್ಟು ಭಾಲ್ಕಿಯ ಬಸ್ಸು ಹತ್ತಿದೆ. ಅಕ್ಕನಿಗೆ ಆಗ ಐದನೇ ತಿಂಗಳು. ಭಾವನದು ನೀರೆತ್ತುವ ಮೋಟರ್ ರಿಪೇರಿ ಅಂಗಡಿ. ಮನೆಯಲ್ಲಿ ಅಕ್ಕ ಮತ್ತು ಅವಳ ಅತ್ತೆ ಇಬ್ಬರೇ. ಅತ್ತೆ ಒಳ್ಳೆಯ ಹೆಂಗಸು. ಆದರೆ ಬಹಳ ಕಟ್ಟುನಿಟ್ಟು. ಐದು ವರ್ಷ ಮೊಮ್ಮಗುವಿಗಾಗಿ ಕಾದವರು. ಅಕ್ಕ ಏನು ತಿನ್ನಬೇಕು, ಏನು ತಿನ್ನಬಾರದು ಎಂಬ ಲೆಕ್ಕವೆಲ್ಲ ಅವರ ಕೈಯಲ್ಲಿತ್ತು. ಕಬ್ಬಿಣಾಂಶದ ಗುಳಿಗೆಯನ್ನು ಎದುರಿಗೆ ನಿಂತು ನುಂಗಿಸುತ್ತಿದ್ದರು.

ಅಕ್ಕ ಸೊರಗಿದ್ದಳು. ಊಟ ಸೇರುತ್ತಿರಲಿಲ್ಲ. ನನ್ನ ಚೀಲ ಮೂಲೆಯಲ್ಲಿಟ್ಟು ಕೈಕಾಲು ತೊಳೆದು ಬರುವಷ್ಟರಲ್ಲಿ ಅವಳು ಅದರ ಮುಂದೆ ಕೂತು ಮೂಸುತ್ತಿದ್ದಳು.

"ಪಮ್ಮಿ, ಏನದ ಇದರಾಗ? ಎಷ್ಟು ಛಂದ ವಾಸ್ನಿ ಬರ್ಲಾಕತ್ತದ."

ನಾನು ಔರಾದದ ಆಯಿಯ ಕತೆ ಹೇಳಿದೆ. ಅಕ್ಕ ಕೇಳುತ್ತಲೇ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಚೀಪಿದಳು. "ಅಯ್ಯ, ಗುಳಿಗಿ ನುಂಗಿ ನುಂಗಿ ಬಾಯಿ ತುಂಬ ತುಕ್ಕು ಹಿಡಿದಂಗ ಆಗಿತ್ತು. ಈಗ ನೋಡು ಹ್ಯಾಂಗ ತಿಳಿ ಆತು," ಎಂದಳು. ತಿಂಗಳುಗಟ್ಟಲೆ ಆದ ಮೇಲೆ ಅವಳ ಮುಖದಲ್ಲಿ ನಗು ಕಂಡೆ. ಅರ್ಧ ಚೀಲ ಮಣ್ಣನ್ನು ಅಲ್ಲೇ ಅವಳಿಗೆ ಕೊಟ್ಟುಬಿಟ್ಟೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ನಾನು ವಿಜ್ಞಾನ ಓದಿದವಳು, ಅದನ್ನು ನಂಬುವವಳಲ್ಲ. ಆದರೂ ಅಕ್ಕನ ಬಯಕೆ ತೀರಿಸಿದೆ ಎಂಬ ಹೆಮ್ಮೆ ಒಳಗೊಳಗೇ ಇತ್ತು.

ಅಷ್ಟರಲ್ಲಿ ಅತ್ತೆ ಬಂದರು. ನೆಲದ ಮೇಲೆ ಬಿದ್ದ ಕೆಂಪು ಪುಡಿ ನೋಡಿ, "ಏನವ್ವ ಇದು?" ಎಂದರು.

"ಮುಖಕ್ಕ ಹಚ್ಚೋ ಮಣ್ರಿ ಅತ್ತಿ. ಬಸರಾಗಿದ್ದಾಗ ಮುಖದ ಮ್ಯಾಲ ಕಲಿ ಬೀಳ್ತಾವಲ್ಲ, ಅದಕ್ಕ ಚೊಲೋ," ಎಂದೆ. ಬಾಯಿಬಡುಕಿಯ ಬಾಯಿಗೆ ಸುಳ್ಳು ಹುಡುಕಲು ಒಂದು ಕ್ಷಣವೂ ಬೇಕಾಗಲಿಲ್ಲ. ಅತ್ತೆ ಪೂರಾ ನಂಬಿದರು. "ಹಂಗಾದ್ರ ನನಗೂ ಈಟು ಇಡು, ಮೊಣಕಾಲಿಗಿ ಹಚ್ಚಿ ನೋಡ್ತೀನಿ," ಎಂದರು. ಅವರು ಹೊರಗೆ ಹೋದ ಮೇಲೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಮಣ್ಣು ಬಿಸ್ಕೀಟಿನ ಡಬ್ಬಿಯಲ್ಲಿ ಕೂತಿತು, ಡಬ್ಬಿ ಅಕ್ಕನ ಸೀರೆಗಳ ಹಿಂದೆ.

ಜನವರಿಯಲ್ಲಿ ಮತ್ತೆ ಹೋದಾಗ ನನ್ನ ಚೀಲದಲ್ಲಿ ಅಕ್ಕನಿಗೆ ಇನ್ನಷ್ಟು ಮಣ್ಣು, ಜೊತೆಗೆ ಲ್ಯಾಬಿನ ನೀಲಿ ಬಣ್ಣ ತುಂಬಿದ ಸಣ್ಣ ಶೀಶೆ ಇದ್ದವು. ಇಂಥ ಮಣ್ಣನ್ನು ಪರೀಕ್ಷಿಸುವ ಹಳೆಯ ವಿಧಾನ ಅದು. ಅಕ್ಕನಿಗೆ ಹೊತ್ತು ಹೋಗಲಿ ಎಂದು ಮಾಳಿಗೆಯ ಮೇಲೆ ಕೂತು ಮಾಡಿ ತೋರಿಸಿದೆ. ಗಾಜಿನ ಲೋಟದಲ್ಲಿ ನೀರು, ನೀರಿಗೆ ಎರಡು ಹನಿ ನೀಲಿ. ಕಡುನೀಲಿಯಾದ ಆ ನೀರಿಗೆ ನಂಬರು ಏಳರ ಮಣ್ಣನ್ನು ಒಂದು ಚಮಚ ಪುಡಿ ಮಾಡಿ ಹಾಕಿ ಕಲಕಿದೆ. ಸ್ವಲ್ಪ ಹೊತ್ತಿಗೆ ಮಣ್ಣು ತಳಕ್ಕೆ ಕೂತಿತು. ಮೇಲಿನ ನೀರು ಕುಡಿಯುವ ನೀರಿನಂತೆ ತಿಳಿಯಾಗಿತ್ತು. ನೀಲಿ ಎಲ್ಲ ಮಣ್ಣಿಗೆ ಹೋಗಿತ್ತು.

"ಪೂರಾ ಕುಡೀತಲ್ಲೇ ಇದು," ಎಂದಳು ಅಕ್ಕ.

"ಬಲು ಹಸದ ಮಣ್ಣಕ್ಕಾ ಇದು. ಏನು ಸಿಕ್ಕರೂ ಹಿಡ್ಕೋತದ. ಮತ್ತ ವಾಪಸ್ ಬಿಡಂಗಿಲ್ಲ."

"ನಿನ್ನಂಗ ಹೊಟ್ಟಿಬಾಕ ಅನ್ನು."

ಇಬ್ಬರೂ ನಕ್ಕೆವು. ಅವಳು ಅಂದಿನ ಗುಳಿಗೆ ನುಂಗಿದಳು. ಅದರ ಹಿಂದೆಯೇ ಒಂದು ಚೂರು ಮಣ್ಣು ಬಾಯಿಗೆ ಹಾಕಿಕೊಂಡಳು. ನಾನು ಎದುರಿಗೇ ಕೂತು ಅದನ್ನು ನೋಡಿದೆ. ಕೈಯಲ್ಲಿ ಆ ಲೋಟ ಹಿಡಿದುಕೊಂಡೇ ಇದ್ದೆ.

ಏಳನೇ ತಿಂಗಳ ತಪಾಸಣೆಗೆ ನಾನೂ ಜೊತೆಗೆ ಹೋದೆ. ಭಾಲ್ಕಿಯ ಡಾಕ್ಟರಮ್ಮ ರಕ್ತದ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. ಐದನೇ ತಿಂಗಳಲ್ಲಿ ಹತ್ತು ಇದ್ದ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು.

"ಗುಳಿಗಿ ತಗೋತೀರೋ, ಕಸದಾಗ ಒಗೀತೀರೋ?" ಎಂದು ಕೇಳಿದರು.

"ನನ್ನ ಕಣ್ಣ ಮುಂದೇ ನುಂಗ್ತಾಳ್ರಿ," ಎಂದರು ಅತ್ತೆ.

ಡಾಕ್ಟರು ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಮಣ್ಣು, ಬಳಪ, ಇದ್ದಲಿ, ಹಸಿ ಅಕ್ಕಿ, ಏನಾರ ತಿಂತೀರೇನು? ತಿಂತಿದ್ರ ಹೇಳ್ರಿ, ನಾ ಬೈಯಂಗಿಲ್ಲ."

ಅಕ್ಕ ಅತ್ತೆಯ ಕಡೆ ನೋಡಲಿಲ್ಲ. "ಇಲ್ರಿ," ಎಂದಳು. ಆಮೇಲೆ ನನ್ನ ಮುಖ ನೋಡಿದಳು. ಹೇಳಬೇಡ ಎನ್ನುತ್ತಿದ್ದಾಳೆ ಎಂದು ನಾನು ತಿಳಿದುಕೊಂಡೆ. ಅತ್ತೆಯ ಮುಂದೆ ಅಕ್ಕನ ಮಾನ ಹೋಗುತ್ತದೆ, ಮುಖಕ್ಕೆ ಹಚ್ಚುವ ಮಣ್ಣು ಎಂದ ನನ್ನ ಸುಳ್ಳೂ ಹೊರಬೀಳುತ್ತದೆ. ಹೊರಗೆ ಇನ್ನೂ ಇಪ್ಪತ್ತು ಮಂದಿ ಕಾದಿದ್ದರು. ಡಾಕ್ಟರು ಪೆನ್ನು ಹಿಡಿದು ಒಂದು ಗಳಿಗೆ ತಡೆದರು. ನಾನು ಮೇಜಿನ ಮೇಲಿದ್ದ ಕ್ಯಾಲೆಂಡರು ನೋಡುತ್ತಾ ಕೂತೆ. ಅವರು ಒಂದರ ಬದಲು ದಿನಕ್ಕೆ ಎರಡು ಗುಳಿಗೆ ಬರೆದುಕೊಟ್ಟರು.

ಆಗಲೇ ನನಗೆ ಹೊಳೆದಿತ್ತೇ? ಈ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನೀಲಿ ನೀರಿನ ಲೋಟ ಒಮ್ಮೆ ಕಣ್ಣ ಮುಂದೆ ಬಂದು ಹೋಗಿತ್ತು. ಅಕ್ಕ ಒಬ್ಬಳೇ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡೆ. ಬೀದರಿನ ಬಸ್ಸು ಹತ್ತುವಾಗ ಅವಳು ಕಿಟಕಿಯ ಹತ್ತಿರ ಬಂದು, "ಡಬ್ಬಿ ಖಾಲಿ ಆಗ್ಲಾಕ ಬಂದದ ಪಮ್ಮಿ," ಎಂದಳು. ಅತ್ತೆ ನಾಲ್ಕು ಹೆಜ್ಜೆ ಆಚೆ ನಿಂತಿದ್ದರು. "ಹ್ಞೂಂ," ಎಂದೆ. ಬಸ್ಸು ಹೊರಟಿತು.

ಮುಂದಿನ ವಾರ ಭಾವ ಸಾಮಾನು ತರಲು ಬೀದರಿಗೆ ಬಂದಾಗ ಅವರ ಕೈಯಲ್ಲಿ ಮಣ್ಣು ಕಳಿಸಿದೆ. ಹೌದು, ಅದಾದ ಮೇಲೂ ಕಳಿಸಿದೆ. ಆದರೆ ಯಾವಾಗಲೂ ಕೊಡುತ್ತಿದ್ದುದರ ಅರ್ಧ ಮಾತ್ರ ಕೊಟ್ಟೆ. ಅರ್ಧ ಕೊಟ್ಟರೆ ತಪ್ಪೂ ಅರ್ಧವಾಗುತ್ತದೆ ಎಂದುಕೊಂಡೆನೋ ಏನೋ. ಭಾವ ಪೊಟ್ಟಣ ನೋಡಿ, "ಮುಖಕ್ಕ ಹಚ್ಚೋದು ಹೌದಲ್ಲ?" ಎಂದು ನಕ್ಕರು. ನಾನೂ ನಕ್ಕೆ.

ಲ್ಯಾಬಿನ ಯಂತ್ರದಲ್ಲಿ ಮಣ್ಣು ಪರೀಕ್ಷಿಸಿದ ವರದಿ ಬಂದದ್ದು ಮಾರ್ಚಿನಲ್ಲಿ. ನಂಬರು ಏಳರಲ್ಲಿ ಬಹುಪಾಲು ಸ್ಮೆಕ್ಟೈಟ್ ಎಂಬ ಮಣ್ಣಿನ ಖನಿಜ ಇತ್ತು. ಸರ್ ಬೆನ್ನು ತಟ್ಟಿದರು. ನಾನು ಪ್ರಾಜೆಕ್ಟಿನ ನಾಲ್ಕನೇ ಅಧ್ಯಾಯ ಬರೆಯಲು ಕೂತೆ. ಈ ಖನಿಜದ ಹಾಳೆಗಳಂಥ ಪದರಗಳು ನೀರು ಕುಡಿದು ಉಬ್ಬುತ್ತವೆ, ಕಬ್ಬಿಣದಂಥ ಲೋಹದ ಕಣಗಳನ್ನು ತಮ್ಮತ್ತ ಸೆಳೆದು ಹಿಡಿದಿಟ್ಟುಕೊಳ್ಳುತ್ತವೆ ಎಂದು ನನ್ನ ಕೈಯಿಂದಲೇ ಟೈಪು ಮಾಡಿದೆ. ಅಡಿಗೆರೆ ಎಳೆದೆ. ಎದ್ದು ಚಹಾ ಮಾಡಿಕೊಂಡು ಕುಡಿದೆ. ಮುಂದಿನ ಪುಟಕ್ಕೆ ಹೋದೆ.

ಏಪ್ರಿಲಿನ ಮೊದಲ ವಾರದಲ್ಲಿ, ಇನ್ನೂ ಎಂಟನೇ ತಿಂಗಳು ತುಂಬುವ ಮೊದಲೇ, ಒಂದು ದಿನ ಮುಂಜಾನೆ ಹತ್ತರ ಸುಮಾರಿಗೆ ಭಾವನ ಫೋನು ಬಂತು. ಅಕ್ಕನಿಗೆ ನೋವು ಶುರುವಾಗಿದೆ, ರಕ್ತ ಬಹಳ ಕಡಿಮೆ ಇದೆ, ಭಾಲ್ಕಿಯಲ್ಲಿ ಆಗುವುದಿಲ್ಲ, ಬೀದರಿಗೆ ತರುತ್ತಿದ್ದೇವೆ ಎಂದರು. ನಾನು, ಅವ್ವ, ಅಪ್ಪ ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಅಂಬುಲೆನ್ಸಿನಿಂದ ಇಳಿಸುವಾಗ ಅಕ್ಕನ ತುಟಿ, ಉಗುರು ಎಲ್ಲ ಬೆಳ್ಳಗಾಗಿದ್ದವು. ಕೈ ಹಿಡಿದೆ, ತಣ್ಣಗಿತ್ತು. "ಪಮ್ಮಿ, ಅಂಜಬ್ಯಾಡ," ಎಂದು ಅವಳೇ ನನಗೆ ಹೇಳಿದಳು.

ರಕ್ತ ಬೇಕು ಎಂದರು. ನನ್ನದು ಹೊಂದಿತು. ಮಂಚದ ಮೇಲೆ ಮಲಗಿಸಿ ಸೂಜಿ ಚುಚ್ಚುವ ಮೊದಲು ನರ್ಸಮ್ಮ ಬೆರಳಿನಿಂದ ಹನಿ ರಕ್ತ ತೆಗೆದು ನೋಡಿ, "ನಿಮ್ಮದು ಹದಿಮೂರು ಅದರಿ, ಭಾಳ ಚೊಲೋ ಅದ," ಎಂದರು. ಅಕ್ಕನದು ಐದೂವರೆ ಎಂದು ಅದಾಗಲೇ ಕೇಳಿದ್ದೆ. ಒಂದೇ ಅವ್ವನ ಕೈಯಲ್ಲಿ ಒಂದೇ ಜೋಳದ ರೊಟ್ಟಿ ತಿಂದು ಬೆಳೆದವರು ನಾವು. ಚೀಲ ತುಂಬುವ ತನಕ ನಾನು ಮೇಲಿನ ಫ್ಯಾನು ನೋಡುತ್ತಾ ಮಲಗಿದ್ದೆ. ಅದೇ ಹೊತ್ತಿಗೆ ನನ್ನ ನಾಲ್ಕನೇ ಅಧ್ಯಾಯದ ಆ ಸಾಲು ಅಡಿಗೆರೆ ಸಮೇತ ನೆನಪಾಯಿತು.

ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಮೂರು ತಾಸು ಜೀವ ಇತ್ತು. ಅಕ್ಕನಿಗೆ ರಕ್ತ ನಿಲ್ಲುತ್ತಿರಲಿಲ್ಲ, ಎಲ್ಲರೂ ಆ ಕಡೆ ಓಡಾಡುತ್ತಿದ್ದರು. ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅತ್ತೆಯ ಕೈಗೆ ಕೊಟ್ಟಾಗ ನಾನು ಪಕ್ಕದಲ್ಲಿದ್ದೆ. ಅತ್ತೆ ಅಳಲಿಲ್ಲ. ಬಟ್ಟೆ ಸ್ವಲ್ಪ ಸರಿಸಿ ಮುಖ ನೋಡಿದರು, ನನಗೂ ತೋರಿಸಿದರು. ಸಣ್ಣ ಮುಖ, ಅಕ್ಕನದೇ ಮೂಗು. ನನ್ನ ಕಣ್ಣು ಯಾಕೋ ಅದರ ಕಿವಿಗಳ ಮೇಲೆ ಹೋಯಿತು. ಎರಡೂ ಕಿವಿ ಚೊಕ್ಕಟವಾಗಿದ್ದವು. ಬಯಕೆ ತೀರಿಸಿದ್ದೆನಲ್ಲ.

ನಾನು ಎದ್ದು ಹೋಗಿ ಡಾಕ್ಟರರ ಕೋಣೆಯ ಬಾಗಿಲಲ್ಲಿ ನಿಂತೆ. ಬೀದರಿನ ಈ ಡಾಕ್ಟರೂ ಹೆಂಗಸೇ. ಕೈ ತೊಳೆಯುತ್ತಿದ್ದರು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

"ಏಟು ದಿನದಿಂದ ತಿಂತಿದ್ರು?" ಎಂದರು.

"ನಾಲ್ಕು ತಿಂಗಳಾತ್ರಿ. ಗುಳಿಗಿ ನುಂಗಿದ ಮ್ಯಾಲ ತಿಂತಿದ್ಳು."

"ನೀವೇನು ಓದೀರಿ?"

"ಎಂ.ಎಸ್ಸಿ. ರಿ. ಇದೇ ಮಣ್ಣಿನ ಮ್ಯಾಲ."

ಅವರು ನಲ್ಲಿ ನಿಲ್ಲಿಸಿ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಗುಳಿಗಿ ಹತ್ತದಿರಲಾಕ ಅದು ಕಾರಣ ಇರಬಹುದು. ಮೊದಲೇ ತಿಳಿದಿದ್ರ ಕಬ್ಬಿಣಾಂಶ ಸಲೈನ್‌ನಾಗ ಕೊಡ್ತಿದ್ರು. ಆದ್ರ ದಿನ ತುಂಬದೇ ಆದ ಹೆರಿಗಿ, ಇದೊಂದರಿಂದಲೇ ಹಿಂಗಾತು ಅಂತ ಯಾರೂ ಹೇಳಲಾಕ ಬರಲ್ಲ," ಎಂದರು. ಮನೆಯವರಿಗೆ ನೀವೇ ಹೇಳಿ ಎಂದು ಕೊನೆಗೆ ಸೇರಿಸಿದರು. 'ಇದೊಂದರಿಂದಲೇ ಅಲ್ಲ' ಎಂಬ ಆ ಮಾತನ್ನು ಹಿಡಿದುಕೊಂಡು ನಾನು ಎಷ್ಟೋ ದಿನ ದೂಡಿದೆ. ಮನೆಯವರಿಗೆ ಮಾತ್ರ ಹೇಳಲಿಲ್ಲ.

ಅಕ್ಕ ಉಳಿದಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಭಾಲ್ಕಿಗೆ ಹೋದಳು. ನನ್ನ ಪ್ರಾಜೆಕ್ಟಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪ್ರಾಧ್ಯಾಪಕರು, ಈ ಮಣ್ಣನ್ನು ಸ್ಥಳೀಯರು ಏನಕ್ಕಾದರೂ ಬಳಸುತ್ತಾರೆಯೇ ಎಂದು ಕೇಳಿದರು. "ಗೊತ್ತಿಲ್ಲ ಸರ್," ಎಂದೆ. ಅದೂ ಒಂದು ಸುಳ್ಳು. ಆಮೇಲೆ ಬೀದರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಪಾಠ ಮಾಡುವಾಗ ಬಿಟ್ಟರೆ ಮನೆಯಲ್ಲಿ ಮಾತು ಕಡಿಮೆಯಾಯಿತು. "ಈಗ ನೋಡ್ರಿ, ನೌಕರಿ ಹತ್ತಿದ ಮ್ಯಾಲ ನಮ್ಮ ಪಮ್ಮಿಗಿ ಬುದ್ಧಿ ಬಂದದ," ಎಂದು ಅವ್ವ ಜನರ ಮುಂದೆ ಹೇಳುತ್ತಿದ್ದಳು.

ಎರಡು ವರ್ಷದ ಮೇಲೆ ಅಕ್ಕ ಮತ್ತೆ ಬಸುರಾದಳು. ಈ ಸಲ ಅವ್ವ ಸಕ್ಕರೆ ಹಂಚಲಿಲ್ಲ, ಯಾರಿಗೂ ಹೇಳಬೇಡಿ ಎಂದಳು. ನಾನು ರವಿವಾರ ಬರುವುದನ್ನೇ ಕಾದು ಭಾಲ್ಕಿಗೆ ಹೋದೆ. ಅದೇ ಮಾಳಿಗೆಯ ಮೇಲೆ ಅಕ್ಕ ಕುಸುಬಿ ಹಸನು ಮಾಡುತ್ತಾ ಕೂತಿದ್ದಳು. ಅತ್ತೆ ಕೆಳಗೆ ಇದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತು ಹೋದವು.

"ಅಕ್ಕಾ, ಈ ಸಲ ಮಣ್ಣು ತಿನ್ನಬ್ಯಾಡ," ಎಂದೆ. "ಆವಾಗ ಗುಳಿಗಿ ಹತ್ತದೇ ಇದ್ದದ್ದು ಅದರಿಂದ. ನನಗ ತಿಳಿದಿತ್ತು. ಡಾಕ್ಟರ್ ಕೇಳ್ದಾಗ ನಾ ಹೇಳಲಿಲ್ಲ." ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು.

ಅಕ್ಕ ಮೊರವನ್ನು ಪಕ್ಕಕ್ಕಿಟ್ಟಳು.

"ನನಗ ಆಸ್ಪತ್ರ್ಯಾಗೇ ತಿಳೀತು ಪಮ್ಮಿ," ಎಂದಳು. "ಹನ್ನೊಂದು ದಿನ ಸುಮ್ಮ ಮಲಗಿದ್ದೆ. ನೀ ನೀಲಿ ನೀರು ಮಾಡಿ ತೋರಿಸಿದ್ದಿಯಲ್ಲ, ಅದೇ ಕಣ್ಣ ಮುಂದ ಬರ್ತಿತ್ತು. ಏನು ಸಿಕ್ಕರೂ ಹಿಡ್ಕೋತದ, ಬಿಡಂಗಿಲ್ಲ ಅಂದಿದ್ದಿ."

"ಮತ್ತ ನನಗ ಯಾಕ ಏನೂ ಕೇಳಲಿಲ್ಲ?"

"ಏನಂತ ಕೇಳ್ಲಿ? ತಿಂದಾಕಿ ನಾನೇ," ಎಂದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು. "ಆವತ್ತು ಡಾಕ್ಟರ್ ಕೇಳ್ದಾಗ ಅತ್ತಿ ಮುಂದ ನನಗ ಬಾಯಿ ಬರಲಿಲ್ಲ. ಇಲ್ಲ ಅಂದೆ. ಅಂದು ನಿನ್ನ ಮುಖ ನೋಡಿದೆ. ನೀ ಹೇಳ್ತಿ ಅಂತ ನೋಡಿದೆ. ಓದಿದಾಕಿ ನೀ, ಯಾವತ್ತೂ ಬಾಯಿ ಮುಚ್ಚಲಾರದಾಕಿ. ನೀನೇ ಸುಮ್ಮ ಕೂತಿ. ಹಂಗಾದ್ರ ಇದರಾಗ ಏನೂ ಇಲ್ಲ ಅಂತ ತಿಳಕೊಂಡೆ. ಮುಂದಿನ ವಾರ ನೀ ಮತ್ತ ಕಳಿಸಿದಿ. ಆಗಂತೂ ಪಕ್ಕಾ ಆತು."

ನಾನು ಎರಡು ವರ್ಷ ಆ ನೋಟವನ್ನು 'ಹೇಳಬೇಡ' ಎಂದೇ ಓದಿಕೊಂಡಿದ್ದೆ. ಒಡಹುಟ್ಟಿದವಳ ಕಣ್ಣು ನನಗೆ ಓದಲು ಬಂದಿರಲಿಲ್ಲ. ಅಕ್ಕ ಮತ್ತೆ ಮೊರ ಎತ್ತಿಕೊಂಡು ಕುಸುಬಿಯಲ್ಲಿನ ಕಲ್ಲು ಆರಿಸತೊಡಗಿದಳು. ನಾನೂ ಪಕ್ಕದಲ್ಲಿ ಕೂತು ಆರಿಸಿದೆ.

ಮುಂದಿನ ತಿಂಗಳು ತಪಾಸಣೆಗೆ ಅಕ್ಕ, ಅತ್ತೆ, ನಾನು ಮೂವರೂ ಹೋದೆವು. ಅದೇ ಡಾಕ್ಟರಮ್ಮ, ಅದೇ ಮೇಜು. ಹಳೆಯ ಚೀಟಿಗಳನ್ನೆಲ್ಲ ತಿರುವಿ ಹಾಕಿ, "ಹೋದ ಸಲ ಗುಳಿಗಿ ಯಾಕ ಹತ್ತಲಿಲ್ಲೋ ಗೊತ್ತಾಗಲಿಲ್ಲ. ಆಗ ಮಣ್ಣುಗಿಣ್ಣು ತಿಂದಿಲ್ಲ ಅಂದಿದ್ರಿ, ಹೌದಲ್ರಿ?" ಎಂದು ಕೇಳಿದರು.

ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ತಿಂದಿದ್ಳ್ರಿ. ನಾಲ್ಕು ತಿಂಗಳು ತಿಂದಾಳ. ಔರಾದದಿಂದ ನಾನೇ ತಂದು ಕೊಟ್ಟಿದ್ದೆ. ಆವತ್ತು ನಾ ಇಲ್ಲೇ ಕೂತಿದ್ದೆ, ಹೇಳಲಿಲ್ಲ."

ಡಾಕ್ಟರು ಚೀಟಿಯ ಮೇಲೆ ಏನೋ ಬರೆದರು. ನಾನು ಅತ್ತೆಯ ಕಡೆ ತಿರುಗಿದೆ. ಬೈಗುಳಕ್ಕೆ ಸಿದ್ಧಳಾಗಿಯೇ ತಿರುಗಿದ್ದೆ. ಅತ್ತೆ ತಮ್ಮ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

"ಮುಖಕ್ಕ ಹಚ್ಚೋದು ಅಂದಿದ್ದಿಯಲ್ಲವ್ವ ನೀ," ಎಂದರು. ದನಿ ಏರಲಿಲ್ಲ.

ಅಕ್ಕನಿಗೆ ಆ ಸಲ ಗಂಡು ಮಗುವಾಯಿತು. ಈಗ ಗೋಡೆ ಹಿಡಿದು ನಡೆಯುತ್ತಾನೆ. ಔರಾದದ ಕಡೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಆ ಪದರ ತೋರಿಸಿ, ಅದರ ಖನಿಜಗಳ ಹೆಸರು ಹೇಳುವ ಮೊದಲು, ಇದನ್ನು ಬಸುರಿಯರು ತಿನ್ನುತ್ತಾರೆ, ನಿಮ್ಮ ಮನೆಯಲ್ಲಿ ಯಾರಾದರೂ ತಿಂದರೆ ಡಾಕ್ಟರಿಗೆ ಹೇಳಿ, ಅವಳು ಹೇಳದಿದ್ದರೆ ನೀವು ಹೇಳಿ ಎನ್ನುತ್ತೇನೆ. ಹುಡುಗರು ನಗುತ್ತಾರೆ. ಹುಡುಗಿಯರು ನಗುವುದಿಲ್ಲ. ಆ ಆಯಿಯನ್ನು ಹುಡುಕಿದೆ. ಹೆಸರು ಕೇಳಿಕೊಂಡಿರಲಿಲ್ಲ, ಸಿಗಲಿಲ್ಲ. ಅವಳ ಸೊಸೆ ಹೇಗಿದ್ದಾಳೋ ಏನೋ.

ಭಾಲ್ಕಿಗೆ ತಿಂಗಳಿಗೊಮ್ಮೆ ಹೋಗುತ್ತೇನೆ. ಅತ್ತೆ ನನ್ನನ್ನು ಬಿಟ್ಟು ಹಾಕಿಲ್ಲ. ಮಾತಾಡಿಸುತ್ತಾರೆ, ಬಿಸಿ ರೊಟ್ಟಿ ಬಡಿಸುತ್ತಾರೆ, ಮೊಮ್ಮಗನನ್ನು ನನ್ನ ತೊಡೆಯ ಮೇಲೆ ಕೂರಿಸುತ್ತಾರೆ. ಆದರೆ ನಾನು ಏನೇ ತೆಗೆದುಕೊಂಡು ಹೋಗಲಿ, ಬಾಳೆಹಣ್ಣೇ ಇರಲಿ, ಮಗುವಿನ ಅಂಗಿಯೇ ಇರಲಿ, ಬಾಗಿಲಲ್ಲೇ ನಿಂತು, "ಏನದ ಯವ್ವ ಚೀಲದಾಗ?" ಎಂದು ಕೇಳುತ್ತಾರೆ. ನಾನು ಚಪ್ಪಲಿ ಬಿಡುವ ಮೊದಲು ಚೀಲ ಬಿಚ್ಚಿ, ಒಂದೊಂದೇ ತೆಗೆದು ಅವರಿಗೆ ತೋರಿಸುತ್ತೇನೆ.